ಶಹಾಪುರದ ತಂಗಿಗೆ: ನಿಮ್ಮ ಲೇಖನ ಯಾಕೆ ವಾಪಸ್ ಬರುತ್ತಿದೆ

ತಂಗಿ,

ನೀವು ಕಳಿಸಿದ ‘ಅಧ್ಯಕ್ಷ ಮತ್ತು ಶಾಸನಸಭೆ: ಯಾರ ಕೈ ಮೇಲು?’ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಬರುವುದಿಲ್ಲ. ‘ಸ್ಥಳಾಭಾವದಿಂದ’ ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು, ಆದರೆ ಅದು ಸುಳ್ಳು. ವಿಷಯ ಒಳ್ಳೆಯದಿದೆ, ನಿಮಗೆ ಓದುವ ಹುಚ್ಚೂ ಇದೆ. ಅದಕ್ಕೇ ಈ ಅಂಕಣದಲ್ಲಿ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಗಾಬರಿಯಾಗಬೇಡಿ.

ಬೇರೆ ಓದುಗರಿಗಾಗಿ ನಿಮ್ಮ ವಾದವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಮೆರಿಕದ ಅಧ್ಯಕ್ಷರು ಬಲಶಾಲಿ. ನಮ್ಮ ರಾಷ್ಟ್ರಪತಿ ರಬ್ಬರ್ ಸ್ಟಾಂಪು. ಸಂಸತ್ತಿನಲ್ಲಿ ಬರೀ ಗದ್ದಲ. ಹಾಗಾಗಿ ನಮಗೂ ಒಬ್ಬ ಗಟ್ಟಿ ಅಧ್ಯಕ್ಷ ಬೇಕು, ಆಗ ಕೆಲಸ ಬೇಗ ಆಗುತ್ತದೆ. ಇದಿಷ್ಟೇ ಅಲ್ವಾ?

ಖರೇ ಹೇಳಬೇಕೆಂದರೆ ಈ ವಾದ ಬರುವುದೇ ಆರನೇ ಪುಟದಲ್ಲಿ. ಮೊದಲ ಎರಡು ಪುಟ ಪ್ರಾಚೀನ ಗ್ರೀಸಿಗೆ ಹೋಗಿವೆ. ಪೂರ್ತಿ ಹೊಡೆದುಹಾಕಿ. ಆಮೇಲಿನ ಮೂರು ಪುಟ ಅಧಿಕಾರಗಳ ಪಟ್ಟಿ. ಕಾರ್ಯಾಂಗದ್ದು, ಶಾಸಕಾಂಗದ್ದು, ಹಣಕಾಸಿನದು, ತುರ್ತು ಪರಿಸ್ಥಿತಿಯದು. ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಕೋಚಿಂಗಿಗೆ ಹೋಗುತ್ತಿದ್ದೇನೆ ಎಂದು ಜೊತೆಗಿನ ಪತ್ರದಲ್ಲಿ ಬರೆದಿದ್ದೀರಿ. ಅದು ಬರೆಯದಿದ್ದರೂ ಗೊತ್ತಾಗುತ್ತಿತ್ತು. ಪಟ್ಟಿಗೆ ಪರೀಕ್ಷಕರು ಅಂಕ ಕೊಡುತ್ತಾರೆ. ಓದುಗನಿಗೆ ಮಾತ್ರ ಕಿರಾಣಿ ಚೀಟಿ ಓದಿದಂತಾಗುತ್ತದೆ.

ಪಟ್ಟಿ ಬಿಟ್ಟು ಒಂದು ಮಸೂದೆಯ ಹಿಂದೆ ನಡೆಯಿರಿ. ಸದನದಲ್ಲಿ ಪಾಸಾದ ಕಾಗದ ಸಹಿಗೆ ಹೋಗುತ್ತದೆ. ಅಲ್ಲಿ ಕೂತವರು ಹೂಂ ಅನ್ನಬಹುದು, ಬೇಡ ಅನ್ನಬಹುದು, ಸುಮ್ನೆ ಇರಬಹುದು. ಯಾರ ಕೈ ಮೇಲು ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲೇ.

ಅಮೆರಿಕ ನೋಡಿ. ಅಧ್ಯಕ್ಷರು ಬೇಡ ಎಂದರೆ ಆ ಮಾತಿಗೆ ಭಾರೀ ತೂಕ. ಅದನ್ನು ಮೀರಲು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಅಷ್ಟು ಮತ ಸೇರುವುದು ಅಪರೂಪ. 1973ರಲ್ಲಿ ಸೇರಿತು. ಕಾಂಗ್ರೆಸ್ಸಿನ ಒಪ್ಪಿಗೆ ಇಲ್ಲದೆ ಅಧ್ಯಕ್ಷರು ಸೈನ್ಯವನ್ನು ದೀರ್ಘಕಾಲ ಯುದ್ಧದಲ್ಲಿ ಇಡಬಾರದು ಎಂಬ ನಿರ್ಣಯಕ್ಕೆ ನಿಕ್ಸನ್ ವೀಟೊ ಹಾಕಿದರು, ಕಾಂಗ್ರೆಸ್ ಅದನ್ನು ಮೀರಿ ಪಾಸು ಮಾಡಿತು. ಆದರೆ ಅಧ್ಯಕ್ಷರು ಸುಮ್ನೆ ಕೂತರೆ? ಭಾನುವಾರ ಬಿಟ್ಟು ಹತ್ತು ದಿನ. ಅಷ್ಟರಲ್ಲಿ ಸಹಿಯೂ ಇಲ್ಲ, ವಾಪಸೂ ಇಲ್ಲ ಅಂದರೆ ಮಸೂದೆ ತಾನಾಗೇ ಕಾನೂನಾಗುತ್ತದೆ. ಆ ಹೊತ್ತಿಗೆ ಕಾಂಗ್ರೆಸ್ ಅಧಿವೇಶನ ಮುಗಿದಿದ್ದರೆ ಮಾತ್ರ ಅದು ಸಾಯುತ್ತದೆ.

ನಮ್ಮಲ್ಲಿ ಇದು ಉಲ್ಟಾ. ರಾಷ್ಟ್ರಪತಿ ಬಾಯಿಬಿಟ್ಟು ಬೇಡ ಎಂದರೆ ಅದಕ್ಕೆ ಬಲ ಕಡಿಮೆ. ಸಂವಿಧಾನದ 111ನೇ ವಿಧಿಯ ಪ್ರಕಾರ ಹಣದ ಮಸೂದೆ (ಮನಿ ಬಿಲ್) ಬಿಟ್ಟು ಉಳಿದವನ್ನು ಮರುಪರಿಶೀಲನೆಗೆ ಕಳಿಸಬಹುದು. ಸಂಸತ್ತು ಅದನ್ನೇ ಮತ್ತೆ ಪಾಸು ಮಾಡಿದರೆ, ಅದೂ ಸಾದಾ ಬಹುಮತದಿಂದ, ತಡೆಯುವಂತಿಲ್ಲ. ಕೆಲವು ಹುದ್ದೆ ಹಿಡಿದರೂ ಸಂಸದರ ಸ್ಥಾನ ಹೋಗದಂತೆ ಮಾಡುವ ಲಾಭದಾಯಕ ಹುದ್ದೆಯ ಮಸೂದೆಯನ್ನು 2006ರಲ್ಲಿ ಅಬ್ದುಲ್ ಕಲಾಂ ವಾಪಸ್ ಕಳಿಸಿದರು. ಸಂಸತ್ತು ಒಂದಕ್ಷರ ಬದಲಿಸದೆ ಮತ್ತೆ ಕಳಿಸಿತು. ಆಗಸ್ಟಿನಲ್ಲಿ ಅವರು ಸಹಿ ಹಾಕಿದರು. ಈಗ ಇನ್ನೊಂದು ನೋಡಿ. 1986ರಲ್ಲಿ ಅಂಚೆ ಕಾಯ್ದೆಯ ತಿದ್ದುಪಡಿ ಮಸೂದೆ ಎರಡೂ ಸದನ ದಾಟಿತು. ಜನರ ಪತ್ರಗಳನ್ನು ಸರ್ಕಾರ ತಡೆದು ನೋಡಲು ದಾರಿ ಮಾಡಿಕೊಡುವ ಮಸೂದೆ ಅದು. ಲೋಕಸಭೆಯಲ್ಲಿ ರಾಜೀವ್ ಗಾಂಧಿ ಸರ್ಕಾರಕ್ಕೆ 400ಕ್ಕೂ ಜಾಸ್ತಿ ಸ್ಥಾನ ಇದ್ದವು. ಆಗಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಬೇಡ ಅನ್ನಲಿಲ್ಲ. ವಾಪಸ್ಸೂ ಕಳಿಸಲಿಲ್ಲ. ಇಟ್ಟುಕೊಂಡು ಕೂತರು. 1987ರಲ್ಲಿ ಅವರ ಅವಧಿಯೇ ಮುಗಿಯಿತು. ಆ ಮಸೂದೆ ಕಾನೂನಾಗಲೇ ಇಲ್ಲ. ಯಾಕೆಂದರೆ 111ನೇ ವಿಧಿಯಲ್ಲಿ ಗಡುವೇ ಇಲ್ಲ.

ಮಾತಾಡಿದ ರಾಷ್ಟ್ರಪತಿ ಸೋತರು, ಸುಮ್ಮನಿದ್ದ ರಾಷ್ಟ್ರಪತಿ ಗೆದ್ದರು. ನಿಮ್ಮ ಲೇಖನ ಹುಟ್ಟಬೇಕಾದ್ದು ಈ ಜಾಗದಲ್ಲಿ. ನೀವು ಇವೆರಡನ್ನೂ ಬರೆದಿದ್ದೀರಿ, ಆದರೆ ಒಂದು ಮೂರನೇ ಪುಟದಲ್ಲಿದೆ, ಇನ್ನೊಂದು ಒಂಬತ್ತನೇ ಪುಟದ ಅಡಿಟಿಪ್ಪಣಿಯಲ್ಲಿದೆ. ಪಕ್ಕಪಕ್ಕ ಇಟ್ಟು ನೋಡಲೇ ಇಲ್ಲ. ಈ ಗಡುವಿನ ಜಗಳ ಇನ್ನೂ ಹಸಿಯಾಗಿದೆ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ, ರಾಜ್ಯಪಾಲರು ಕಾಯ್ದಿರಿಸಿ ಕಳಿಸಿದ ಮಸೂದೆಗಳ ಬಗ್ಗೆ ರಾಷ್ಟ್ರಪತಿ ಮೂರು ತಿಂಗಳಲ್ಲಿ ತೀರ್ಮಾನಿಸಬೇಕು ಎಂದಿತು. ರಾಷ್ಟ್ರಪತಿಯವರು 143ನೇ ವಿಧಿಯಡಿ ಕೋರ್ಟಿಗೇ ತಿರುಗಿ ಪ್ರಶ್ನೆ ಕಳಿಸಿದರು. ನವೆಂಬರ್‌ನಲ್ಲಿ ಐವರ ಪೀಠ ಹೀಗೆ ಗಡುವು ಹಾಕಲು ಬರುವುದಿಲ್ಲ ಎಂದಿತು. ಇದು ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಗ್ರೀಸಿಗೆ ಎರಡು ಪುಟ ಕೊಟ್ಟವರು ಇದಕ್ಕೆ ಜಾಗ ಮಾಡಬೇಕಿತ್ತು.

ಇನ್ನು ರಬ್ಬರ್ ಸ್ಟಾಂಪಿನ ಮಾತು. ಈ ಬೈಗುಳ ಎಲ್ಲರೂ ಬಳಸಿ ಸವೆದಿದೆ. ಬಳಸಲೇಬೇಕೆಂದಿದ್ದರೆ 1977ಕ್ಕೆ ಹೋಗಿ. ಆಗ ಹಂಗಾಮಿ ರಾಷ್ಟ್ರಪತಿ ನಮ್ಮ ಬಿ.ಡಿ. ಜತ್ತಿ. ಜಮಖಂಡಿ ಕಡೆಯವರು, ಮೈಸೂರು ರಾಜ್ಯದ ಮುಖ್ಯಮಂತ್ರಿ ಆಗಿದ್ದವರು. ಜನತಾ ಸರ್ಕಾರ ಬಂದ ಕೂಡಲೇ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಬೇಕೆಂದು ಕಾಗದ ಕಳಿಸಿತು. ಜತ್ತಿಯವರು ಹಿಂದೆಮುಂದೆ ನೋಡಿದರು, ಕೊನೆಗೆ ಸಹಿ ಹಾಕಿದರು. ಅವರಿಗೆ ಬೇರೆ ದಾರಿ ಇರಲಿಲ್ಲ. 1976ರ 42ನೇ ತಿದ್ದುಪಡಿ ಸಂಪುಟದ ಸಲಹೆಯನ್ನು ಕಡ್ಡಾಯ ಮಾಡಿತ್ತು. ಸಲಹೆಯನ್ನು ಒಂದು ಸಲ ವಾಪಸ್ ಕಳಿಸುವ ಹಕ್ಕು ಬಂದದ್ದು 1978ರ 44ನೇ ತಿದ್ದುಪಡಿಯಿಂದ. ಅದನ್ನೇ ಹಿಡಿದು 1997ರಲ್ಲಿ ಕೆ.ಆರ್. ನಾರಾಯಣನ್ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ವಾಪಸ್ ಕಳಿಸಿದರು. ಸಂಪುಟ ಆ ವಿಚಾರವನ್ನೇ ಕೈಬಿಟ್ಟಿತು. ಇಬ್ಬರ ಸ್ವಭಾವ ಬೇರೆ ಇದ್ದಿರಬಹುದು. ಆದರೆ ಅವರ ನಡುವೆ, ಸಂಪುಟದ ಸಲಹೆಯ ಬಗ್ಗೆ ಹೇಳುವ 74ನೇ ವಿಧಿಗೆ ಸೇರಿದ ಒಂದು ವಾಕ್ಯ ಇತ್ತು. ನೀವು ಸ್ವಭಾವ ನೋಡಿದ್ದೀರಿ, ವಾಕ್ಯ ನೋಡಿಲ್ಲ.

ಆ ಇಬ್ಬರ ನಡುವೆ ಇನ್ನೂ ಒಂದು ನಡೆದಿದೆ, ಅದೂ ನಮ್ಮ ರಾಜ್ಯದ್ದೇ. 1989ರಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ಕೇಂದ್ರ ವಜಾ ಮಾಡಿತು. 1994ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಬಹುಮತ ಇದೆಯೋ ಇಲ್ಲವೋ ಅಂತ ತೀರ್ಮಾನ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ. ರಾಷ್ಟ್ರಪತಿಯ ಘೋಷಣೆಯನ್ನೂ ಕೋರ್ಟು ಪರಿಶೀಲಿಸಬಹುದು. ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಅಂದರೆ 1977ರಲ್ಲಿ ಒಂಬತ್ತು ಕಡೆ ನಡೆದಂಥದು ಈಗ ಅದೇ ರೀತಿ ನಡೆಯಲು ಬರುವುದಿಲ್ಲ. ಕರ್ನಾಟಕದವರಾಗಿ ಇದಕ್ಕೆ ‘ಬೊಮ್ಮಾಯಿ ಪ್ರಕರಣವೂ ಮುಖ್ಯವಾದುದು’ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಲ್ಲ, ಅದು ನನಗೆ ಸರಿಬರಲಿಲ್ಲ.

ಇಷ್ಟಾದ ಮೇಲೂ ನಮ್ಮಲ್ಲಿ ದೊಡ್ಡ ಎಳೆದಾಟ ರಾಷ್ಟ್ರಪತಿಗೂ ಸಂಸತ್ತಿಗೂ ನಡುವೆ ಇಲ್ಲ. ಅದು ಸಂಪುಟಕ್ಕೂ ಸದನಕ್ಕೂ ನಡುವೆ ಇರಬೇಕಾದ್ದು. ಅಲ್ಲಿಯೂ ಹಗ್ಗ ಸಡಿಲ. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ವಿಪ್ (ಪಕ್ಷದ ಅಪ್ಪಣೆ) ಮೀರಿ ಮತ ಹಾಕಿದರೆ ಸ್ಥಾನವೇ ಹೋಗಬಹುದು. ಅಮೆರಿಕದ ಸೆನೆಟರ್ ತನ್ನದೇ ಪಕ್ಷದ ಅಧ್ಯಕ್ಷರ ವಿರುದ್ಧ ಮತ ಹಾಕಿ ಮಾರನೇ ದಿನ ಅದೇ ಕುರ್ಚಿಯಲ್ಲಿ ಕೂರುತ್ತಾನೆ. ನೀವು ಎರಡು ದೇಶಗಳ ಅಧ್ಯಕ್ಷರನ್ನು ಹೋಲಿಸಿದ್ದೀರಿ. ಎರಡು ದೇಶಗಳ ಸಾದಾ ಸದಸ್ಯರನ್ನು ಹೋಲಿಸಿದ್ದರೆ ಜಾಸ್ತಿ ತಿಳಿಯುತ್ತಿತ್ತು.

ಗಟ್ಟಿ ಅಧ್ಯಕ್ಷರಿದ್ದರೆ ಕೆಲಸ ಬೇಗ ಆಗುತ್ತದೆ ಎಂಬ ಮಾತಿಗೆ ನೀವು ಒಂದೂ ಉದಾಹರಣೆ ಕೊಟ್ಟಿಲ್ಲ. ನಾನು ಎರಡು ಕೊಡುತ್ತೇನೆ, ನಿಮಗೆ ಇಷ್ಟವಾಗಲಿಕ್ಕಿಲ್ಲ. 2018ರ ಅಕ್ಟೋಬರ್ ಕೊನೆಗೆ ಶ್ರೀಲಂಕಾದ ಅಧ್ಯಕ್ಷ ಸಿರಿಸೇನ ಪ್ರಧಾನಿ ರನಿಲ್ ವಿಕ್ರಮಸಿಂಘೆಯವರನ್ನು ತೆಗೆದು ಮಹಿಂದ ರಾಜಪಕ್ಸ ಅವರನ್ನು ಕೂರಿಸಿದರು. ರಾಜಪಕ್ಸ ಅವರಿಗೆ ಸಂಸತ್ತಿನಲ್ಲಿ ಬಹುಮತ ಕೂಡಲಿಲ್ಲ. ನವೆಂಬರ್‌ನಲ್ಲಿ ಸಿರಿಸೇನ ಸಂಸತ್ತನ್ನೇ ವಿಸರ್ಜಿಸಿದರು. ಡಿಸೆಂಬರ್ 13ರಂದು ಅಲ್ಲಿನ ಸುಪ್ರೀಂ ಕೋರ್ಟ್ ಅದು ಕಾನೂನುಬಾಹಿರ ಎಂದಿತು. ವಿಕ್ರಮಸಿಂಘೆ ಮತ್ತೆ ಪ್ರಮಾಣವಚನ ತೆಗೆದುಕೊಂಡರು. ಏಳು ವಾರ ದೇಶಕ್ಕೆ ಯಾರು ಪ್ರಧಾನಿ ಅನ್ನುವುದೇ ಜಗಳ. ಬೇಗ ಆದದ್ದು ಏನು? ದಕ್ಷಿಣ ಕೊರಿಯಾದಲ್ಲಿ 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸೇನಾಡಳಿತ ಘೋಷಿಸಿದರು. ಸೈನಿಕರು ಸಂಸತ್ ಭವನದ ಒಳಗೆ ಬಂದರು. ಸದಸ್ಯರು ಗೋಡೆ ಹಾರಿ ಒಳಗೆ ಸೇರಿ ಬೆಳಗಾಗುವ ಮುಂಚೆ 190–0 ಮತದಿಂದ ಅದನ್ನು ರದ್ದು ಮಾಡಬೇಕೆಂದರು. 2025ರ ಏಪ್ರಿಲ್ 4ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಅಧ್ಯಕ್ಷರನ್ನು ಮನೆಗೆ ಕಳಿಸಿತು. ಆ ರಾತ್ರಿ ಬೇಗ ಕೆಲಸ ಮಾಡಿದ್ದು ನೀವು ಗದ್ದಲ ಎಂದು ಕರೆದ ಸದನವೇ.

ಒಂದು ತಪ್ಪು ತಿದ್ದಿಕೊಳ್ಳಿ. ನಿಕ್ಸನ್ ವಾಗ್ದಂಡನೆಯಿಂದ ಪದಚ್ಯುತರಾಗಲಿಲ್ಲ, ಅದಕ್ಕೂ ಮುಂಚೆ 1974ರಲ್ಲಿ ರಾಜೀನಾಮೆ ಕೊಟ್ಟರು. ವಾಗ್ದಂಡನೆಗೆ ಗುರಿಯಾದವರು ಆಂಡ್ರೂ ಜಾನ್ಸನ್, ಕ್ಲಿಂಟನ್, ಎರಡು ಸಲ ಟ್ರಂಪ್. ಸೆನೆಟ್ ಯಾರನ್ನೂ ಕೆಳಗಿಳಿಸಲಿಲ್ಲ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಾದ ಸಂಗತಿ. ಹನ್ನೆರಡು ಪುಟದಲ್ಲಿ ವಾಷಿಂಗ್ಟನ್, ಪ್ಯಾರಿಸ್, ಅಥೆನ್ಸ್ ಇವೆ. ಶಹಾಪುರ ಇಲ್ಲ, ಕಲಬುರಗಿಯೂ ಇಲ್ಲ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸೀಟು, ನೌಕರಿಯ ಮೀಸಲಿಗೆ ಬೇಕಾದ 371ಜೆ ಪ್ರಮಾಣಪತ್ರವನ್ನು ನೀವು ಎಸಿ ಆಫೀಸಿನಿಂದ ಮಾಡಿಸಿಕೊಂಡಿರುತ್ತೀರಿ. ಪ್ರತಿ ಅರ್ಜಿಗೂ ಅದರ ಝೆರಾಕ್ಸ್ ಹಚ್ಚುತ್ತೀರಿ. ನಿಮ್ಮ ಇಡೀ ವಿಷಯ ಆ ಒಂದು ಕಾಗದದಲ್ಲಿದೆ.

ನೋಡಿ. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಸಂವಿಧಾನ ತಿದ್ದುಪಡಿ ಮಾಡಿತು. ಮಸೂದೆಯಾಗಿ ಅದರ ನಂಬರು 118, ಕಾಯ್ದೆಯಾದ ಮೇಲೆ 98. ಬರೆಯುವಾಗ ಎರಡನ್ನೂ ಕಲಸಬೇಡಿ, ಎಲ್ಲರೂ ಅಲ್ಲಿ ಎಡವುತ್ತಾರೆ. 2013ರ ಜನವರಿ 1ಕ್ಕೆ ಪ್ರಣಬ್ ಮುಖರ್ಜಿಯವರ ಅಂಕಿತ ಬಿತ್ತು. ಇಲ್ಲಿ ಅವರಿಗೆ ಆಯ್ಕೆಯೇ ಇರಲಿಲ್ಲ. 1971ರ 24ನೇ ತಿದ್ದುಪಡಿಯ ನಂತರ ಸಂವಿಧಾನ ತಿದ್ದುಪಡಿ ಮಸೂದೆಗೆ ರಾಷ್ಟ್ರಪತಿ ಅಂಕಿತ ಹಾಕಲೇಬೇಕು. ವಾಪಸ್ ಕಳಿಸುವಂತೆಯೂ ಇಲ್ಲ. ಈ ಸಹಿಯ ಮಟ್ಟಿಗೆ ನಿಮ್ಮ ರಬ್ಬರ್ ಸ್ಟಾಂಪು ಮಾತು ಪೂರಾ ನಿಜ.

ಆದರೆ ಆ ಸಹಿಯಿಂದ ಹುಟ್ಟಿದ 371ಜೆ ವಿಧಿ ಏನು ಹೇಳುತ್ತದೆ? ರಾಷ್ಟ್ರಪತಿ ಆದೇಶ ಹೊರಡಿಸಿ ಈ ಭಾಗದ ಬಗ್ಗೆ ರಾಜ್ಯಪಾಲರಿಗೆ ವಿಶೇಷ ಹೊಣೆ ಕೊಡಬಹುದು ಎನ್ನುತ್ತದೆ. ಅಭಿವೃದ್ಧಿ ಮಂಡಳಿ, ಹಣದ ನ್ಯಾಯವಾದ ಹಂಚಿಕೆ, ಸೀಟು ಮತ್ತು ನೌಕರಿಯಲ್ಲಿ ಮೀಸಲು, ಎಲ್ಲ ಆ ಆದೇಶದ ಬಾಲ ಹಿಡಿದು ಬಂದವು. ಜನವರಿಯಲ್ಲಿ ಕೈಕಟ್ಟಿದ್ದ ಅದೇ ಪೆನ್ನಿಗೆ ಅದೇ ವರ್ಷ ಆರು ಜಿಲ್ಲೆಗಳ ವಿಚಾರ ಬರೆಯುವ ಅಧಿಕಾರ ಸಿಕ್ಕಿತು. ಆ ಆದೇಶವೂ ದಿಲ್ಲಿಯ ಸಂಪುಟದ ಸಲಹೆಯಂತೆಯೇ ಬರುತ್ತದೆ, ಅದು ಬೇರೆ ಮಾತು. ಹಾಗಾದರೆ ನಿಮ್ಮ ಸೀಟು ಯಾರು ಕೊಟ್ಟದ್ದು? ಸಂಸತ್ತಾ, ರಾಷ್ಟ್ರಪತಿನಾ, ರಾಜ್ಯಪಾಲರಾ, ಸಂಪುಟವಾ? ಒಂದೊಂದು ಮೆಟ್ಟಿಲು ಇಳಿಯುತ್ತಾ ಬನ್ನಿ.

ಕೊನೆಯ ಮೆಟ್ಟಿಲು ತುಂಬ ಮುಖ್ಯ. ಮಂಡಳಿಯ ಕೆಲಸದ ವರದಿ ಪ್ರತಿ ವರ್ಷ ರಾಜ್ಯ ವಿಧಾನಸಭೆಯ ಮುಂದೆ ಬರಬೇಕು ಎಂದು ಆ ವಿಧಿಯಲ್ಲೇ ಇದೆ. ಅಧಿಕಾರ ಮೇಲಿಂದ ಇಳಿದು ಬಂದರೂ ಲೆಕ್ಕ ಕೇಳುವ ಹಕ್ಕು ಸದನಕ್ಕೆ. ಆ ಹಕ್ಕನ್ನು ಬಳಸಿದ್ದಾರಾ? ವರದಿ ಮಂಡನೆಯಾದ ದಿನ ನಮ್ಮ ಭಾಗದ ಶಾಸಕರು ಎಷ್ಟು ಮಂದಿ ಎದ್ದು ಮಾತಾಡಿದರು? ವಿಧಾನಸಭೆಯ ಕಾರ್ಯಕಲಾಪದ ದಾಖಲೆ ಯಾರು ಬೇಕಾದರೂ ನೋಡಬಹುದು. ಕೂತು ಓದಿ. ಅದೇ ನಿಮ್ಮ ಲೇಖನದ ಎರಡನೇ ಅರ್ಧ. ಮಂಡಳಿಯ ಆಫೀಸು ಕಲಬುರಗಿಯಲ್ಲೇ ಇದೆ. ಅಲ್ಲಿಗೂ ಹೋಗಿ ಬನ್ನಿ. ಯಾರೂ ಮಾತಾಡದಿದ್ದರೆ ಅದನ್ನೂ ಬರೆಯಿರಿ, ಬಣ್ಣ ಹಚ್ಚದೆ.

ಭಾಷೆಯ ಬಗ್ಗೆ ಒಂದೇ ಮಾತು. ‘ಕಾರ್ಯಾಂಗದ ಪ್ರಾಬಲ್ಯದಿಂದ ಶಾಸಕಾಂಗದ ಸಾರ್ವಭೌಮತ್ವವು ಶಿಥಿಲಗೊಳ್ಳುವ ಪ್ರಕ್ರಿಯೆ’ ಎಂದು ಬರೆದಿದ್ದೀರಿ. ಯಾರು, ಏನು ಮಾಡಿದರು? ಸದನ ಕರೆಯದೆ ಸುಗ್ರೀವಾಜ್ಞೆ ಹೊರಡಿಸಿದರಾ? ಚರ್ಚೆ ಇಲ್ಲದೆ ಬಜೆಟ್ ಪಾಸು ಮಾಡಿಕೊಂಡರಾ? ಹಾಗಿದ್ದರೆ ಹಾಗೇ ಬರೆಯಿರಿ. ಕರ್ತೃ ಇಲ್ಲದ ವಾಕ್ಯದಲ್ಲಿ ಜವಾಬ್ದಾರಿ ಯಾರದೂ ಅಲ್ಲ. ಈ ವಿಷಯಕ್ಕಂತೂ ಅದು ಆಗಿಬರುವುದಿಲ್ಲ.

ಸಾವಿರದ ಇನ್ನೂರು ಪದ ಸಾಕು. ಪರೀಕ್ಷೆ ಮುಗಿಸಿಕೊಂಡೇ ಕಳಿಸಿ, ನಮಗೇನೂ ಅವಸರ ಇಲ್ಲ. ಗಟ್ಟಿ ಅಧ್ಯಕ್ಷರೇ ಬೇಕು ಎಂಬ ನಿಮ್ಮ ನಿಲುವನ್ನು ಬದಲಿಸಬೇಕೆಂದು ನಾನು ಹೇಳುತ್ತಿಲ್ಲ. ಅದನ್ನೇ ಇಟ್ಟುಕೊಂಡು ವಾದಿಸಿ, ಆದರೆ ಶ್ರೀಲಂಕಾಕ್ಕೂ ದಕ್ಷಿಣ ಕೊರಿಯಾಕ್ಕೂ ಉತ್ತರ ಕೊಟ್ಟು ಮುಂದೆ ಹೋಗಿ. ಟೈಪ್ ಮಾಡುವಾಗ ಯೂನಿಕೋಡ್ ಬಳಸಿ. ‘ನುಡಿ’ ಫಾಂಟಿನಲ್ಲಿ ಕಳಿಸಿದ್ದು ಇಲ್ಲಿ ತೆರೆದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ‘ರಾಷ್ಟ್ರಪತಿ’ಯನ್ನು ಪ್ರತಿ ಸಲ ಊಹಿಸಿಯೇ ಓದಬೇಕಾಯಿತು.