ಕ್ರೀಡಾ ಪ್ರಶ್ನೋತ್ತರ: ಪೋರ್ಟ್‌ಲ್ಯಾಂಡಿನ ಐದು ಬೇಸಿಗೆಗಳು

ಪ್ರಶ್ನೆ: ಅಮೆರಿಕದ ಪೋರ್ಟ್‌ಲ್ಯಾಂಡ್ ಮೇವರಿಕ್ಸ್ ಎಂಬ ಬೇಸ್‌ಬಾಲ್ ತಂಡದ ಸಾಕ್ಷ್ಯಚಿತ್ರ ನೋಡಿದೆ. ಅದರಲ್ಲಿ ಮಾತುಮಾತಿಗೂ ‘ಸ್ವತಂತ್ರ ತಂಡ’ ಎನ್ನುತ್ತಾರೆ. ಎಲ್ಲ ತಂಡಗಳೂ ಸ್ವತಂತ್ರವಲ್ಲವೇ?
– ಪದವಿ ವಿದ್ಯಾರ್ಥಿನಿ

ಉತ್ತರ: ಅಲ್ಲ. ಮೈನರ್ ಲೀಗ್ ತಂಡವೆಂದರೆ ಬಹುಮಟ್ಟಿಗೆ ಸಸಿಮಡಿ. ಅಲ್ಲಿನ ಅತಿ ಮೇಲಿನ ಸ್ಪರ್ಧೆಯಾದ ಮೇಜರ್ ಲೀಗ್‌ನ ದೊಡ್ಡ ತಂಡವೊಂದು ಆಟಗಾರರನ್ನು ಆರಿಸಿ, ಸಂಬಳ ಕೊಟ್ಟು, ತರಬೇತುದಾರರ ಸಮೇತ ಚಿಕ್ಕ ಊರಿನ ತಂಡಕ್ಕೆ ಕಳುಹಿಸುತ್ತದೆ. ಹುಡುಗನೊಬ್ಬ ಚೆನ್ನಾಗಿ ಆಡತೊಡಗಿದನೋ, ಋತುವಿನ ನಡುವೆಯೇ ಅವನನ್ನು ಕಿತ್ತು ಮೇಲಿನ ದರ್ಜೆಯಲ್ಲಿ ನೆಡುತ್ತದೆ. ಊರಿನವರು ಟಿಕೆಟ್ ಕೊಂಡು ಅಂಗಣ ತುಂಬಿಸಬಹುದು, ಆದರೆ ನಾಳೆ ಯಾರು ಆಡಬೇಕೆಂಬುದು ಬೇರೆ ಊರಿನ ಕಚೇರಿಯಲ್ಲಿ ನಿರ್ಧಾರವಾಗುತ್ತದೆ. ತಮ್ಮೂರಿನ ತಂಡ ಗೆಲ್ಲುವುದೇ ಅಲ್ಲಿ ಮುಖ್ಯವಲ್ಲ ಎಂಬುದು ನನಗೆ ಇವತ್ತಿಗೂ ನೋವಿನ ಸಂಗತಿ.

ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಈ ವ್ಯವಸ್ಥೆಯ ಪೆಟ್ಟು ತಿಂದ ಊರು. 1903ರಿಂದ ಪೆಸಿಫಿಕ್ ಕೋಸ್ಟ್ ಲೀಗ್ ಎಂಬ ಮೈನರ್ ಲೀಗ್‌ನಲ್ಲಿ ಆಡುತ್ತಿದ್ದ ಅಲ್ಲಿನ ಬೀವರ್ಸ್ ತಂಡ 1972ರ ಋತು ಮುಗಿದ ಮೇಲೆ ಸ್ಪೋಕೇನ್ ಎಂಬ ಊರಿಗೆ ಹೊರಟುಹೋಯಿತು. ಜನ ಬರುತ್ತಿಲ್ಲ ಎಂಬುದೇ ಕಾರಣ. ಆ ಖಾಲಿ ಅಂಗಣಕ್ಕೆ ಬಂದವರು ನಟ ಬಿಂಗ್ ರಸೆಲ್. ‘ಬೊನಾಂಜಾ’ ಎಂಬ ಟಿ.ವಿ. ಧಾರಾವಾಹಿಯಲ್ಲಿ ಪೊಲೀಸ್ ಸಹಾಯಕನ ಪಾತ್ರ ಮಾಡುತ್ತಿದ್ದ ಅವರು ಬಾಲ್ಯದಲ್ಲಿ ನ್ಯೂಯಾರ್ಕ್ ಯಾಂಕೀಸ್ ಆಟಗಾರರ ಬೆನ್ನು ಹತ್ತಿ ತಿರುಗುತ್ತಿದ್ದರು. ಯೌವನದಲ್ಲಿ ತಾವೇ ಚಿಕ್ಕ ಲೀಗ್‌ಗಳಲ್ಲಿ ಆಡಿದ್ದರು. 1973ರಲ್ಲಿ ಅವರು ಕಟ್ಟಿದ ತಂಡಕ್ಕೆ ಯಾವ ದೊಡ್ಡ ತಂಡದ ಆಸರೆಯೂ ಇರಲಿಲ್ಲ. ಸಂಬಳ, ಬಸ್, ಬ್ಯಾಟು, ಚೆಂಡು ಎಲ್ಲದರ ಹೊಣೆಯೂ ಅವರದೇ. ‘ಸ್ವತಂತ್ರ’ ಎಂದರೆ ಇದು.

ಪ್ರಶ್ನೆ: ದೊಡ್ಡ ತಂಡಗಳು ಬೇಡವೆಂದು ಬಿಟ್ಟವರನ್ನು ಕಟ್ಟಿಕೊಂಡು ಆಡುವುದು ನಿಜವಾಗಿ ಸಾಧ್ಯವಿತ್ತೇ? ಅಥವಾ ಅದು ಸಿನಿಮಾದವರ ತಮಾಷೆಯೇ? ಮಗ ಕರ್ಟ್ ರಸೆಲ್‌ಗೂ ಜಾಗ ಕೊಟ್ಟಿದ್ದರಲ್ಲ!
– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ

ಉತ್ತರ: ಸರ್, ಕರ್ಟ್ ವಿಷಯ ಮೊದಲು ಹೇಳಿಬಿಡುತ್ತೇನೆ. ಅವರು ಅಪ್ಪನ ಹೆಸರಿನಿಂದ ಒಳಗೆ ಬಂದವರಲ್ಲ. ಅದೇ 1973ರಲ್ಲಿ ಟೆಕ್ಸಾಸ್‌ನ ಎಲ್ ಪಾಸೊ ತಂಡದಲ್ಲಿ ಆಡುತ್ತಿದ್ದಾಗ ಭುಜಕ್ಕೆ ಪೆಟ್ಟಾಯಿತು. ಮೇಲೇರುವ ದಾರಿ ಅಲ್ಲಿಗೇ ಮುಚ್ಚಿತು. ಆಮೇಲೆ ಅಪ್ಪನ ತಂಡ ಸೇರಿದರು.

ಇನ್ನು ಉಳಿದವರು. ಬಿಂಗ್ ಬಹಿರಂಗ ಆಯ್ಕೆ ಶಿಬಿರ ನಡೆಸಿದರು. ಕೈಬಿಡಲ್ಪಟ್ಟವರು, ವಯಸ್ಸು ಮೀರಿತೆಂದು ಮನೆಗೆ ಹೋಗಿದ್ದವರು, ಯಾರೂ ಕರೆದೇ ಇರದವರು ತಮ್ಮ ಕೈಗವಸು ಹಿಡಿದು ಬಂದರು. ಇವರ ಮೊದಲ ಪಂದ್ಯದಲ್ಲೇ ಪಿಚರ್ (ಚೆಂಡೆಸೆಯುವವ) ಜೀನ್ ಲ್ಯಾಂಥಾರ್ನ್ ಎದುರಾಳಿಗೆ ಒಂದೇ ಒಂದು ಹಿಟ್, ಅಂದರೆ ಚೆಂಡು ಹೊಡೆದು ಸುರಕ್ಷಿತವಾಗಿ ಓಡುವ ಅವಕಾಶ, ಕೊಡಲಿಲ್ಲ. ನೀವೇ ಹೇಳಿ, ಇದು ತಮಾಷೆಯೇ?

ತಮಾಷೆಯೂ ಇತ್ತು, ಆದರೆ ಆಟ ಬಲ್ಲವರ ತಮಾಷೆ. 1974ರ ಒಂದು ಪಂದ್ಯದಲ್ಲಿ ಮ್ಯಾನೇಜರ್ ಫ್ರ್ಯಾಂಕ್ ಪೀಟರ್ಸ್ ಒಂಬತ್ತು ಆಟಗಾರರನ್ನೂ ಪ್ರತಿ ಇನಿಂಗ್ಸ್‌ಗೆ ಸ್ಥಾನ ಬದಲಿಸಿ ಆಡಿಸಿದರು. ಪಿಚರ್ ಆಗಿದ್ದವ ಬ್ಯಾಟುಗಾರನ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಆಗಬೇಕು, ಹೊರ ಅಂಗಣದವ ಚೆಂಡೆಸೆಯಬೇಕು. ಎಡಗೈ ಕ್ಯಾಚರ್ ಕೂಡ ಇವರಲ್ಲಿದ್ದ. ಬೇಸ್‌ಬಾಲ್‌ನಲ್ಲಿ ಆ ಜಾಗ ಬಲಗೈಯವರದೇ ಎಂಬುದು ಹಳೆಯ ಕಟ್ಟುಪಾಡು. ಸರಣಿಯ ಎಲ್ಲ ಪಂದ್ಯಗಳನ್ನೂ ಗೆದ್ದರೆ ಅಲ್ಲಿ ‘ಗುಡಿಸಿಹಾಕುವುದು’ ಎನ್ನುತ್ತಾರೆ. ಅಂಥ ಗೆಲುವು ಹತ್ತಿರ ಬಂದಾಗ ತಂಡದ ಜೋ ಗಾರ್ಜಾ ಪೊರಕೆ ಎತ್ತಿ ಹಿಡಿದು ಕುಣಿಯುತ್ತಿದ್ದರು. ನೋಡುವವರು ತಾವೂ ಮನೆಯಿಂದ ಪೊರಕೆ ತರತೊಡಗಿದರು.

ಆದರೆ ನನ್ನ ಮನಸ್ಸನ್ನು ಹಿಡಿದದ್ದು ಬೇರೊಂದು ಸಂಗತಿ. ಬಿಂಗ್ 30 ಆಟಗಾರರನ್ನು ಇಟ್ಟುಕೊಳ್ಳುತ್ತಿದ್ದರು. ಲೆಕ್ಕಕ್ಕೆ ಅಷ್ಟು ಜನ ಬೇಕಿರಲಿಲ್ಲ. ಕೆಲವರಿಗಾದರೂ ಇನ್ನೊಂದು ಋತು, ಕೊನೆಯದೊಂದು ಋತು, ಆಡುವ ಅರ್ಹತೆ ಇದೆ ಎಂದು ಅವರು ನಂಬಿದ್ದರು. ಅಂಗಣದಲ್ಲಿ ಕಂಪನಿಗಳ ಪ್ರಾಯೋಜಕತ್ವವೂ ಇಲ್ಲದೆ ಈ ಖರ್ಚು! ಮಹಿಳೆಯರು ಬೇಸ್‌ಬಾಲ್ ಆಡಳಿತದಲ್ಲಿ ಕಾಣಸಿಗುವುದೇ ಅಪರೂಪವಾಗಿದ್ದ ಆ ದಿನಗಳಲ್ಲಿ ಲ್ಯಾನಿ ಮಾಸ್ ಅವರನ್ನು ಜನರಲ್ ಮ್ಯಾನೇಜರ್ ಮಾಡಿದವರೂ ಇವರೇ.

ಜಿಮ್ ಬೌಟನ್ ಬಂದದ್ದೂ ಇಂಥ ಬಾಗಿಲಿನಿಂದ. 1963ರಲ್ಲಿ ಯಾಂಕೀಸ್ ಪರ 21 ಪಂದ್ಯ ಗೆದ್ದಿದ್ದ ಪಿಚರ್ ಅವರು. ಆಟಗಾರರ ಕೋಣೆಯ ಒಳಗುಟ್ಟುಗಳನ್ನು 1970ರಲ್ಲಿ ಪುಸ್ತಕವಾಗಿ ಬರೆದು ಬೇಸ್‌ಬಾಲ್ ವಲಯದ ಸಿಟ್ಟಿಗೆ ಗುರಿಯಾಗಿದ್ದರು. 1975ರಲ್ಲಿ, ಮತ್ತೆ 1977ರಲ್ಲಿ ಮೇವರಿಕ್ಸ್ ಪರ ಆಡಿದರು. 1978ರಲ್ಲಿ, 39ನೆಯ ವಯಸ್ಸಿನಲ್ಲಿ, ಅಟ್ಲಾಂಟಾ ಬ್ರೇವ್ಸ್ ಪರವಾಗಿ ಮತ್ತೆ ಮೇಜರ್ ಲೀಗ್‌ನಲ್ಲಿ ಚೆಂಡೆಸೆದರು. ಬೇಡವಾದವರಲ್ಲಿ ಎಷ್ಟು ಆಟ ಉಳಿದಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಪ್ರಶ್ನೆ: ಅಷ್ಟು ಚೆನ್ನಾಗಿ ಆಡಿದ ತಂಡ ಐದೇ ವರ್ಷಕ್ಕೆ ಏಕೆ ಮುಚ್ಚಿತು? ದುಡ್ಡು ಮುಗಿಯಿತೇ?
– ಬ್ಯಾಂಕ್ ಉದ್ಯೋಗಿ

ಉತ್ತರ: ಇಲ್ಲ. ಹೆಚ್ಚು ಜನ ಬಂದದ್ದೇ ಮುಳುವಾಯಿತು.

1977ರಲ್ಲಿ ಮೇವರಿಕ್ಸ್ 66 ಪಂದ್ಯಗಳಲ್ಲಿ 44 ಗೆದ್ದಿತು. ಅವರು ಆಡುತ್ತಿದ್ದ ನಾರ್ತ್‌ವೆಸ್ಟ್ ಲೀಗ್ ಆಗ ಜೂನ್ ಮಧ್ಯದಲ್ಲಿ ಶುರುವಾಗಿ ಬೇಸಿಗೆಯೊಂದಿಗೇ ಮುಗಿಯುತ್ತಿದ್ದ ಕಿರು ಋತುವಿನ ಲೀಗ್ ಆಗಿತ್ತು. ಅದರಲ್ಲಿ ತವರಿನ 33 ಪಂದ್ಯಗಳಿಗೆ ಬಂದವರು 1,25,300 ಮಂದಿ. ಕಿರು ಋತುವಿನ ಬೇಸ್‌ಬಾಲ್‌ಗೆ ಆಗ ಅದು ದಾಖಲೆಯಾಗಿತ್ತು. ಅಂತಿಮ ಸರಣಿಯಲ್ಲಿ ಮಾತ್ರ ಅವರು ಬೆಲಿಂಗ್‌ಹ್ಯಾಮ್ ಮರೀನರ್ಸ್‌ಗೆ ಸೋತರು. ಸಿಯಾಟಲ್‌ನ ಮೇಜರ್ ಲೀಗ್ ತಂಡದ ಸಸಿಮಡಿ ಅದು. ಆ ಸೋಲನ್ನು ಓದುವಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಬೇಸ್‌ಬಾಲ್ ಸತ್ತಿದೆ ಎಂದು ಬಿಟ್ಟುಹೋದ ಊರಿನಲ್ಲಿ ಇಷ್ಟು ಜನ ಸೇರುವುದನ್ನು ಪೆಸಿಫಿಕ್ ಕೋಸ್ಟ್ ಲೀಗ್ ನೋಡುತ್ತಿತ್ತು. ಅದು ಟ್ರಿಪಲ್ ಎ, ಮೈನರ್ ಲೀಗ್‌ಗಳಲ್ಲಿ ಅತಿ ಮೇಲಿನ ದರ್ಜೆ. ಮೇವರಿಕ್ಸ್ ಕೆಳಗಿನ ಎ ದರ್ಜೆಯವರು. ಮೇಲಿನ ದರ್ಜೆಯ ಲೀಗ್ ಪರಿಹಾರ ಕೊಟ್ಟು ಕೆಳಗಿನವರ ಊರನ್ನು ತನ್ನದಾಗಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿತ್ತು. ಬೆಳೆ ತೆಗೆದವನಿಗೆ ಹೊಲ ಬಿಡು ಎಂದಂತೆ. ನಿಯಮ ಹಾಗಿತ್ತು ಎಂಬುದು ನಿಜ, ಅದು ನ್ಯಾಯವಾಗಿತ್ತು ಎಂದು ನಾನು ಒಪ್ಪುವುದಿಲ್ಲ.

ಊರನ್ನು ಉಳಿಸಿಕೊಳ್ಳುವ ದಾರಿ ಬಿಂಗ್‌ಗೆ ಇರಲಿಲ್ಲ. ಬೆಲೆಯ ಮೇಲೆ ಹೋರಾಡುವ ದಾರಿಯಿತ್ತು. ಪಂಚಾಯ್ತಿದಾರರ ಮುಂದೆ ಹೋಗಿ 2,06,000 ಡಾಲರ್ ಕೇಳಿದರು. ಮೈನರ್ ಲೀಗ್ ತಂಡವೊಂದರ ಊರಿಗೆ ಅಷ್ಟು ದೊಡ್ಡ ಮೊತ್ತವನ್ನು ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ. ತೀರ್ಪು ಬಿಂಗ್ ಪರ ಬಂತು, ಕೇಳಿದಷ್ಟೂ ಸಿಕ್ಕಿತು. ಬ್ಯಾಂಕಿನವರಾದ ನಿಮಗೆ ಇದು ಲಾಭದಂತೆ ಕಾಣಬಹುದು. ಆದರೆ ಆ 30 ಮಂದಿಗೆ ಮರುವರ್ಷ ಆಡಲು ತಂಡವಿರಲಿಲ್ಲ.

1978ರಲ್ಲಿ ಬೀವರ್ಸ್ ಹೆಸರಿನ ಟ್ರಿಪಲ್ ಎ ತಂಡ ಮರಳಿತು. 1993ರ ಋತುವಿನ ನಂತರ ಮತ್ತೆ ಊರು ಬಿಟ್ಟಿತು. ಮೇವರಿಕ್ಸ್ ಆಡಿದ ಅಂಗಣದಲ್ಲಿ ಈಗ ಫುಟ್‌ಬಾಲ್ ನಡೆಯುತ್ತದೆ.

ಪ್ರಶ್ನೆ: ಆ ತಂಡದ್ದು ಎಂದು ಇಂದು ಏನಾದರೂ ಉಳಿದಿದೆಯೇ?
– ಹೈಸ್ಕೂಲ್ ವಿದ್ಯಾರ್ಥಿ

ಉತ್ತರ: ಉಳಿದಿದೆ, ಅಂಗಡಿಯಲ್ಲೇ ಸಿಗುತ್ತದೆ! ಆಗ ಆಟಗಾರರು ತಂಬಾಕು ಜಗಿದು ಉಗಿಯುತ್ತಿದ್ದರು. ಮೇವರಿಕ್ಸ್ ಪಿಚರ್ ರಾಬ್ ನೆಲ್ಸನ್‌ಗೆ ಅದು ಹಿಡಿಸುತ್ತಿರಲಿಲ್ಲ. ಬದಲಿಗೆ ಚ್ಯೂಯಿಂಗ್ ಗಮ್ಮನ್ನು ಎಳೆಎಳೆಯಾಗಿ ಕತ್ತರಿಸಿ ತಂಬಾಕಿನಂಥದೇ ಚೀಲದಲ್ಲಿ ತುಂಬಿದರೆ ಹೇಗೆ ಎಂದು, ಪಿಚರ್‌ಗಳು ಸರದಿಗಾಗಿ ಕಾಯುವ ಜಾಗದಲ್ಲಿ ಕುಳಿತು ಬೌಟನ್ ಜೊತೆ ಮಾತಾಡಿದರು. ಬೌಟನ್ ಬಂಡವಾಳ ಹಾಕಿದರು. 1980ರಲ್ಲಿ ಅದು ‘ಬಿಗ್ ಲೀಗ್ ಚ್ಯೂ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಬೇಸ್‌ಬಾಲ್ ಆಡುವ ಅಮೆರಿಕದ ಮಕ್ಕಳ ಜೇಬಿನಲ್ಲಿ ಆ ಚೀಲ ಈಗಲೂ ಇರುತ್ತದೆ.