ಕೊಮಗಾಟ ಮಾರು ಕಲ್ಕತ್ತೆಯಿಂದಲೇ ಹೊರಟಿದ್ದರೆ?

ಮಾನ್ಯರೇ,

1914ರಲ್ಲಿ ಭಾರತೀಯ ವಲಸಿಗರನ್ನು ಹೊತ್ತು ಕೆನಡಾಕ್ಕೆ ಹೋಗಿ, ಅಲ್ಲಿಂದ ವಾಪಸು ಕಳಿಸಲ್ಪಟ್ಟ ಕೊಮಗಾಟ ಮಾರು ಹಡಗಿನ ಲೇಖನ ಓದಿ ತಾವು ಎರಡು ಪ್ರಶ್ನೆ ಕೇಳಿದ್ದೀರಿ. ಹಡಗು ಹಾಂಗ್‌ಕಾಂಗಿನ ಬದಲು ಕಲ್ಕತ್ತೆಯಿಂದ ನೇರವಾಗಿ ಹೋಗಿದ್ದರೆ ಕೆನಡಾದವರು ಒಳಗೆ ಬಿಡುತ್ತಿದ್ದರೇ? ನಿಯಮ ಗೊತ್ತಿದ್ದೂ, ಹಡಗನ್ನು ಬಾಡಿಗೆಗೆ ಹಿಡಿದ ಗುರುದಿತ್ ಸಿಂಗ್ ಹೊರಟದ್ದೇಕೆ?

ಆಗಲೂ ಬಿಡುತ್ತಿರಲಿಲ್ಲ ಎಂದೇ ನಮ್ಮ ಅಭಿಪ್ರಾಯ. ವಲಸಿಗರ ಬಗ್ಗೆ ಕೆನಡಾ ಸರ್ಕಾರ ಹೊರಡಿಸಿದ 1908ರ ಆಜ್ಞೆಯಲ್ಲಿ ಭಾರತೀಯರ ಹೆಸರೇ ಇಲ್ಲ. ಹುಟ್ಟಿದ ಅಥವಾ ಪೌರತ್ವ ಪಡೆದ ದೇಶದಲ್ಲೇ ಪೂರ್ತಿ ಟಿಕೆಟ್ ಕೊಂಡು ಒಂದೇ ಪಯಣದಲ್ಲಿ ಬರಬೇಕು ಎಂದಷ್ಟೇ ಅದು ಹೇಳುತ್ತದೆ. ಆದರೆ ಕಲ್ಕತ್ತೆಯಿಂದ ವ್ಯಾಂಕೂವರ್‌ಗೆ ಅಂಥ ಟಿಕೆಟ್ ಮಾರಕೂಡದೆಂದು ಹಡಗು ಕಂಪನಿಯ ಮೇಲೆ ಒತ್ತಡ ಹೇರಿದ್ದೂ ಅದೇ ಸರ್ಕಾರ. ಹೀಗೆ ಪಾಲಿಸಲಾಗದ ನಿಯಮ ಮಾಡಿ, ಪಾಲಿಸಲಿಲ್ಲವೆಂದು ಬಾಗಿಲು ಹಾಕಿದರು. ನೇರ ಬಂದರೂ ಏಷ್ಯಾದವರು ತಲೆಗೆ 200 ಡಾಲರ್ ತೋರಿಸಬೇಕಿತ್ತು. ಅದಕ್ಕೂ ಮುಂಚೆ 25 ಸಾಕಿತ್ತು. ಇದರ ಮೇಲೆ 1913ರ ಡಿಸೆಂಬರಿನಲ್ಲಿ, ಕೂಲಿಗಳಾಗಲಿ ಕುಶಲಕರ್ಮಿಗಳಾಗಲಿ ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಬಂದರುಗಳಲ್ಲಿ ಇಳಿಯಬಾರದೆಂಬ ಇನ್ನೊಂದು ಆಜ್ಞೆ ಹೊರಟಿತು. ಒಂದರಲ್ಲಿ ತಪ್ಪಿಸಿಕೊಂಡವನು ಇನ್ನೊಂದರಲ್ಲಿ ಸಿಕ್ಕಿಬೀಳಲೇಬೇಕು.

ಗುರುದಿತ್ ಸಿಂಗ್ ಅವರದು ದುಡುಕಲ್ಲ. 1913ರ ನವೆಂಬರಿನಲ್ಲಿ ಪನಾಮಾ ಮಾರು ಎಂಬ ಇನ್ನೊಂದು ಹಡಗಿನಲ್ಲಿ ಬಂದ ಭಾರತೀಯರ ಮೊಕದ್ದಮೆಯಲ್ಲಿ ಬ್ರಿಟಿಷ್ ಕೊಲಂಬಿಯಾದ ಮುಖ್ಯ ನ್ಯಾಯಾಧೀಶ ಹಂಟರ್, ಆಗಿದ್ದ ಆಜ್ಞೆಗಳ ಮಾತು ಮೂಲ ವಲಸೆ ಕಾಯ್ದೆಗೆ ಹೊಂದುವುದಿಲ್ಲವೆಂದು ಅವನ್ನು ಅಸಿಂಧು ಮಾಡಿದ್ದರು. ಆ ತೀರ್ಪು ಕೊಟ್ಟ ಧೈರ್ಯ ದೊಡ್ಡದು. ಆದರೆ 1914ರ ಜನವರಿಯಲ್ಲೇ ಸರ್ಕಾರ ಮಾತು ತಿದ್ದಿ ಆಜ್ಞೆಗಳನ್ನು ಮತ್ತೆ ಹೊರಡಿಸಿತು. ಹಡಗು ಹಾಂಗ್‌ಕಾಂಗ್ ಬಿಟ್ಟದ್ದು ಏಪ್ರಿಲ್ 4ರಂದು, ವ್ಯಾಂಕೂವರ್ ಮುಟ್ಟಿದ್ದು ಮೇ 23ಕ್ಕೆ.

ಅಲ್ಲಿ ವಿಳಂಬವೇ ಅಧಿಕಾರಿಗಳ ಆಯುಧವಾಯಿತು. ವಿಚಾರಣೆ ಎಳೆದಷ್ಟೂ ಹಡಗಿನಲ್ಲಿ ನೀರು, ಆಹಾರ ಮುಗಿಯುತ್ತಿತ್ತು. ಹಡಗಿನ ಬಾಡಿಗೆಯ ಕಂತು ಕಟ್ಟಲು ಗಡುವೂ ಮೀರುತ್ತಿತ್ತು. ಹುಸೇನ್ ರಹೀಮ್ ಮೊದಲಾದ ದಡದ ಭಾರತೀಯರು ಚಂದಾ ಎತ್ತಿ ಆ ಕಂತು ಕಟ್ಟಿದರು. ನಮ್ಮವರ ಒಗ್ಗಟ್ಟಿನ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದ ಸ್ಥಾನ ಇನ್ನೂ ಸಿಕ್ಕಿಲ್ಲ. ಹಡಗಿನಲ್ಲಿದ್ದ ಮುನ್ಷಿ ಸಿಂಗ್ ಎಂಬ ರೈತನನ್ನು ಮುಂದಿಟ್ಟು ಹೂಡಿದ ಮೊಕದ್ದಮೆಯನ್ನು ಮೇಲ್ಮನವಿ ನ್ಯಾಯಾಲಯ ಜುಲೈ 6ರಂದು ಒಮ್ಮತದಿಂದ ತಳ್ಳಿಹಾಕಿತು. ಜುಲೈ 23ರಂದು ಯುದ್ಧನೌಕೆ ರೇನ್‌ಬೋ ಕಾವಲಿನಲ್ಲಿ ಹಡಗನ್ನು ಹೊರಗೆ ಕಳಿಸಿದರು.

ಹಡಗಿನಲ್ಲಿದ್ದವರೆಲ್ಲ ಸಿಖ್ಖರು ಎಂದೂ ತಾವು ಬರೆದಿದ್ದೀರಿ. 376 ಮಂದಿಯಲ್ಲಿ ಸಿಖ್ಖರು 340, ಮುಸ್ಲಿಮರು 24, ಹಿಂದೂಗಳು 12. ಇಳಿಯಲು ಬಿಟ್ಟದ್ದು 24 ಮಂದಿಯನ್ನು ಮಾತ್ರ: ಹಡಗಿನ ವೈದ್ಯರ ಕುಟುಂಬವನ್ನು ಬಿಟ್ಟರೆ ಅವರೆಲ್ಲ ಕೆನಡಾದಲ್ಲಿ ಮೊದಲೇ ನೆಲೆಸಿ ಮರಳಿದವರು.

— ಸಂಪಾದಕ