ವೆಂಟಿಲೇಟರ್‌ನಲ್ಲಿರುವ ಮಗನನ್ನು ಪ್ರಯೋಗಕ್ಕೆ ಸೇರಿಸಬಹುದೇ?

ಪ್ರಶ್ನೆ: ಇಲಿಜ್ವರ ಶ್ವಾಸಕೋಶಕ್ಕೆ ಏರಿ ನನ್ನ ಮೈದುನ ಪುಣೆಯ ಆಸ್ಪತ್ರೆಯೊಂದರಲ್ಲಿ ವೆಂಟಿಲೇಟರ್‌ನಲ್ಲಿದ್ದಾನೆ. ಎಆರ್‌ಡಿಎಸ್ (ಶ್ವಾಸಕೋಶದಲ್ಲಿ ನೀರು ತುಂಬಿ ರಕ್ತಕ್ಕೆ ಆಮ್ಲಜನಕ ಸಾಲದಾಗುವ ತೀವ್ರ ಸ್ಥಿತಿ) ಎಂದಿದ್ದಾರೆ. ಹಲವು ಆಸ್ಪತ್ರೆಗಳಲ್ಲಿ ನಡೆಯುತ್ತಿರುವ ಔಷಧ ಪ್ರಯೋಗಕ್ಕೆ ಅವನನ್ನು ಸೇರಿಸಲು ಒಪ್ಪಿಗೆ ಕೇಳುತ್ತಿದ್ದಾರೆ. ಅವನಿಗೆ ಮದುವೆಯಾಗಿಲ್ಲ, ಸಹಿ ಹಾಕಬೇಕಾದ ಅತ್ತೆಯವರು ‘ನನ್ನ ಮಗನ ಮೇಲೆ ಪ್ರಯೋಗ ಬೇಡ’ ಎನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಚಿಂಚವಡ

ಉತ್ತರ: ನಿಮ್ಮ ಅತ್ತೆಯವರ ಭಯವನ್ನು ದಯವಿಟ್ಟು ತಳ್ಳಿಹಾಕಬೇಡಿ. ಆದರೆ ಅವರಿಗೆ ಒಂದು ಸಂಗತಿಯನ್ನು ತಿಳಿಸಿ. ನಿಮ್ಮ ಮೈದುನನನ್ನು ದಾಖಲಿಸಿಕೊಂಡ ದಿನ ದಾದಿಯೊಬ್ಬರು ಟೇಪು ಹಿಡಿದು, ನೆತ್ತಿಯಿಂದ ಹಿಮ್ಮಡಿಯವರೆಗೆ ಅವನ ಉದ್ದವನ್ನು ಅಳೆದಿರಬಹುದು. ಶ್ವಾಸಕೋಶದ ಗಾತ್ರ ಎತ್ತರವನ್ನು ಅನುಸರಿಸುತ್ತದೆಯೇ ಹೊರತು ಮೈತೂಕವನ್ನಲ್ಲ, 170 ಸೆಂ.ಮೀ. ಎತ್ತರದ ಗಂಡಸು 90 ಕಿಲೋ ತೂಗಿದರೂ ಎತ್ತರದಿಂದ ಲೆಕ್ಕ ಹಾಕಿದ ಅವನ ತೂಕ 66 ಕಿಲೋ, ಅದರಂತೆ ವೆಂಟಿಲೇಟರ್ ಉಸಿರೊಂದಕ್ಕೆ ಕೊಡುವ ಗಾಳಿ ಸುಮಾರು 400 ಮಿ.ಲೀ. ಹಿಂದೆ ಇದರ ಇಮ್ಮಡಿಯಷ್ಟು ಗಾಳಿಯನ್ನೂ ಕೊಡುತ್ತಿದ್ದರು. ಅಮೆರಿಕದ 10 ಕೇಂದ್ರಗಳಲ್ಲಿ 861 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೆಚ್ಚು ಗಾಳಿ ಪಡೆದವರಲ್ಲಿ ಶೇ 39.8ರಷ್ಟು ಮಂದಿ ತೀರಿಕೊಂಡರೆ ಕಡಿಮೆ ಪಡೆದವರಲ್ಲಿ ಶೇ 31ರಷ್ಟು ಮಂದಿ ತೀರಿಕೊಂಡರು. ಅಂದು ಯಾರದೋ ಮನೆಯವರು ಒಪ್ಪಿದ್ದರ ಫಲ ಇಂದು ನಿಮ್ಮ ಮೈದುನನಿಗೆ ಸಿಗುತ್ತಿದೆ. ರೋಗಿಯನ್ನು ದಿನಕ್ಕೆ 16 ಗಂಟೆ ಬೋರಲು ಮಲಗಿಸುವ ಕ್ರಮವೂ ಹೀಗೆಯೇ ಗಟ್ಟಿಯಾದದ್ದು.

ಹಲವು ಆಸ್ಪತ್ರೆಗಳು ಏಕೆ ಬೇಕು? ಎಆರ್‌ಡಿಎಸ್ ಅನ್ನು ಇಲಿಜ್ವರ, ನ್ಯುಮೋನಿಯಾ, ನಂಜು ಹೀಗೆ ಏನು ಬೇಕಾದರೂ ತರಬಹುದು; ಒಂದೇ ಐಸಿಯುಗೆ ಬರುವ ಕೆಲವೇ ರೋಗಿಗಳಲ್ಲಿ ಕಂಡ ಸುಧಾರಣೆ ಔಷಧದ್ದೋ ಆ ಐಸಿಯುವಿನ ಆರೈಕೆಯದ್ದೋ ಹೇಳಲಾಗದು.

ಅಪಾಯವೂ ಇದೆ, ಅದನ್ನು ಮುಚ್ಚಿಡಲಾರೆ. ಅತಿವೇಗದ ಕಿರು ಉಸಿರಾಟ ಕೊಡುವ ಯಂತ್ರದ ಮೇಲೆ ನಮಗೆಲ್ಲ ಬಹಳ ಭರವಸೆಯಿತ್ತು. ಐದು ದೇಶಗಳ 39 ಐಸಿಯುಗಳಲ್ಲಿ 1200 ರೋಗಿಗಳನ್ನು ಸೇರಿಸಬೇಕೆಂದಿದ್ದ ಪ್ರಯೋಗವನ್ನು, ಆ ಯಂತ್ರದ ಗುಂಪಿನಲ್ಲಿ ಸಾವು ಶೇ 47ಕ್ಕೆ, ಮಾಮೂಲಿ ವೆಂಟಿಲೇಟರ್‌ನ ಗುಂಪಿನಲ್ಲಿ ಶೇ 35ಕ್ಕೆ ತಲುಪಿದಾಗ ಉಸ್ತುವಾರಿ ಸಮಿತಿಯ ಸಲಹೆಯಂತೆ 548 ರೋಗಿಗಳಿಗೇ ನಿಲ್ಲಿಸಲಾಯಿತು. ಈ ಫಲಿತಾಂಶ 2013ರಲ್ಲಿ ಪ್ರಕಟವಾಯಿತು.

ಆದ್ದರಿಂದ ವೈದ್ಯರನ್ನು ನೇರವಾಗಿ ಕೇಳಿ: ಯಾವ ಗುಂಪಿಗೆ ಬಿದ್ದರೂ ಈಗಿನ ಚಿಕಿತ್ಸೆ ಪೂರ್ತಿ ಮುಂದುವರಿಯುತ್ತದೆಯೇ? ಮಧ್ಯೆ ಅಂಕಿಅಂಶ ನೋಡಿ ತಡೆಯುವವರು ಯಾರು? ಸಿಟಿಆರ್‌ಐ (ಭಾರತದ ವೈದ್ಯಕೀಯ ಪ್ರಯೋಗಗಳ ನೋಂದಣಿ ದಾಖಲೆ) ನೋಂದಣಿ ಸಂಖ್ಯೆ ಏನು? 2019ರ ನಿಯಮಗಳಂತೆ ಔಷಧ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರದ ಹಕ್ಕಿದೆ. ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ಆರೈಕೆ ಕುಂದುವಂತಿಲ್ಲ. ಒಪ್ಪಿಗೆ ಪತ್ರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದು ಅತ್ತೆಯವರಿಗೆ ಕನ್ನಡ ಮಾತ್ರ ಬರುವುದಾದರೆ, ಕನ್ನಡದ ಪ್ರತಿಯನ್ನು ಕೇಳಿ ಪಡೆದು ಅವರ ಪಕ್ಕದಲ್ಲಿ ಕೂತು ಓದಿ ಹೇಳಿ. ಆಮೇಲೂ ಅವರು ಬೇಡವೆಂದರೆ ಒತ್ತಾಯಿಸಬೇಡಿ.